ಓದು ಬಲ್ಲ ದೆವ್ವ

ನಮ್ಮ ಕಡೆಯ ದೆವ್ವಗಳು ಕತ್ತಲಾಗಲಿ ಎಂದು ಕಾಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೀದರ್, ಕಲಬುರಗಿ, ಯಾದಗಿರಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಅಲ್ಲಿಂದ ದೆವ್ವಗಳ ಪಾಳಿ. ಎಮ್ಮೆ ಹೊಂಡ ಬಿಟ್ಟು ಏಳುವುದಿಲ್ಲ, ನಾಯಿ ಗಟಾರ ಬಿಟ್ಟು ಕದಲುವುದಿಲ್ಲ, ಹಿರಿಯರು ಒದ್ದೆ ಟವೆಲನ್ನು ಎದೆಯ ಮೇಲೆ ಹಾಸಿಕೊಂಡು ಫರಸಿಯ ಮೇಲೆ ಅಂಗಾತ ಬಿದ್ದಿರುತ್ತಾರೆ. ಓಣಿ ಎಷ್ಟು ಖಾಲಿ ಎಂದರೆ ಒಂದು ಕಾಗದದ ಚೂರು ಹಾರಿದರೂ ಯಾರೋ ಹಾದುಹೋದಂತೆ ಎನಿಸುತ್ತದೆ. "ಈ ಹೊತ್ತಿನಲ್ಲಿ ಹೊರಗೆ ಕಾಲಿಡಬೇಡಿ, ಗಾಳಿ ಸೋಕುತ್ತದೆ" ಎಂದು ನಮ್ಮ ಆಯಿ ಹೇಳುತ್ತಿದ್ದಳು. ಸೋಕುವುದು ಬಿಸಿಗಾಳಿಯೋ ಇನ್ನೊಂದು ಗಾಳಿಯೋ ಎಂಬುದನ್ನು ಆಕೆ ಎಂದೂ ಬಿಡಿಸಿ ಹೇಳಲಿಲ್ಲ. ಅಜ್ಜಿಯಂದಿರ ಜಾಣತನವೇ ಅದು.

ನಾನು ಹೇಳುತ್ತಿರುವುದು 1990ರ ದಶಕದ ಒಂದು ಬೇಸಿಗೆಯ ಮಾತು. ಬೀದರಿನ ಅಂಚಿನಲ್ಲಿದ್ದ ಮುತ್ಯಾನ ಮನೆಗೆ ರಜೆಗೆಂದು ಎಲ್ಲ ಊರುಗಳಿಂದಲೂ ಮೊಮ್ಮಕ್ಕಳು ಬಂದಿಳಿಯುತ್ತಿದ್ದೆವು. ಅಷ್ಟು ಹೆಸರುಗಳನ್ನು ನೆನಪಿಟ್ಟುಕೊಳ್ಳುವುದು ಮುತ್ಯಾನಿಗೆ ಆಗದ ಕೆಲಸ. ಅವನು ನಮ್ಮನ್ನು ಊರಿನಿಂದಲೇ ಕರೆಯುತ್ತಿದ್ದ. "ಪುಣೆ ಉಂಡಿತೇ?", "ಹೈದರಾಬಾದಿಗೆ ಜ್ವರ ಇಳಿಯಿತೇ?" ಕಾಕಾನ ಮಗ ಬೆಂಗಳೂರು. ಅತ್ತೆಯ ಮಗಳು ಪುಣೆ. ಅವಳಿಗೆ ಹದಿನೈದು ವರ್ಷ, ನಮ್ಮೆಲ್ಲರಿಗಿಂತ ಒಂದು ವರ್ಷ ದೊಡ್ಡವಳು, ಆದ್ದರಿಂದ ತಾನೇ ನಾಯಕಿ. ನಾನು ಕಲಬುರಗಿ.

ಆ ವರ್ಷ ದೆವ್ವವನ್ನು ತಂದದ್ದು ಬೆಂಗಳೂರು. ರಾತ್ರಿ ಮಾಳಿಗೆಯ ಮೇಲೆ ಕೌದಿ ಹಾಸಿ, ಕರೆಂಟು ಹೋದ ಊರನ್ನು ನೋಡುತ್ತಾ ಮಲಗಿದ್ದಾಗ ಅವನು ವಿಷಯ ತೆಗೆದ. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಕದ ತಟ್ಟುತ್ತದೆ, ಮನೆಯವರದೇ ಧ್ವನಿಯಲ್ಲಿ ಕೂಗುತ್ತದೆ, ತೆರೆದವರ ಕಥೆ ಮುಗಿಯಿತು. ಉಪಾಯ ಒಂದೇ: ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯಬೇಕು. ದೆವ್ವ ಓದಿಕೊಂಡು ಹಿಂತಿರುಗುತ್ತದೆ. ಮಾರನೆಯ ದಿನ ಮತ್ತೆ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಇಷ್ಟು ವಿಧೇಯವಾದ ದೆವ್ವಕ್ಕೆ ಜನ ಹೆದರುವುದೇಕೆ ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಬೆಳಕು ಹರಿಯುವ ಮೊದಲೇ ಶಾಲೆಯ ಸುಣ್ಣದ ಕಡ್ಡಿಯಲ್ಲಿ ತಲೆಬಾಗಿಲ ತುಂಬ ಬರೆದಿಟ್ಟೆವು.

ಹೊಲಕ್ಕೆ ಹೊರಟ ಮುತ್ಯಾ ಬಾಗಿಲ ಮುಂದೆ ನಿಂತ. ಕನ್ನಡಕ ಏರಿಸಿದ, ಇಳಿಸಿದ. "ಏನು ಬರೆದಿದ್ದೀರಿ?" ಎಂದು ಕೇಳಿದ.

ಮುತ್ಯಾನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮನೆಯ ಮಾತು ಕನ್ನಡ, ಬೈಗುಳ ಕನ್ನಡ, ತತ್ವಪದ ಕನ್ನಡ. ಆದರೆ ಅವನು ಓದಿದ್ದು ನಿಜಾಮನ ಕಾಲದ ಶಾಲೆಯಲ್ಲಿ, ಉರ್ದುವಿನಲ್ಲಿ. ಈ ಸೀಮೆ ಹೈದರಾಬಾದ್ ಸಂಸ್ಥಾನದಿಂದ ಬಿಡಿಸಿಕೊಂಡದ್ದು 1948ರಲ್ಲಿ, ಕನ್ನಡ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅಷ್ಟರಲ್ಲಿ ಮುತ್ಯಾನ ಅಕ್ಷರಾಭ್ಯಾಸದ ವಯಸ್ಸು ಮುಗಿದಿತ್ತು. ನಾವು ಓದಿ ಹೇಳಿದೆವು. ಅವನು ನಗಲಿಲ್ಲ, ಬೈಯಲೂ ಇಲ್ಲ. ಒಂದು ಕಾನೂನಿನ ಪ್ರಶ್ನೆ ಹಾಕಿದ: "ಅದು ನನ್ನ ವಯಸ್ಸಿನ ದೆವ್ವವಾಗಿದ್ದರೆ?"

ನಾವು ಇದನ್ನು ಯೋಚಿಸಿಯೇ ಇರಲಿಲ್ಲ. ಬೀದರಿನಲ್ಲಿ ಸತ್ತವರಲ್ಲಿ ಕನ್ನಡ ಓದು ಬಲ್ಲವರು ಎಷ್ಟು ಜನ ಇದ್ದಾರು? ಬೆಂಗಳೂರಿನಲ್ಲಿ ಕೆಲಸ ಮಾಡುವ ಮಂತ್ರ ಇಲ್ಲಿ ನಡೆಯಬೇಕೆಂದೇನಿದೆ? ಪುಣೆ ತಕ್ಷಣ ಮರಾಠಿಯಲ್ಲಿ 'ಉದ್ಯಾ ಯೇ' ಎಂದು ಸೇರಿಸಿದಳು. ಹೈದರಾಬಾದ್ ತೆಲುಗಿನಲ್ಲಿ 'ರೇಪು ರಾ' ಎಂದು ಬರೆದ. ಉರ್ದುವಿನದನ್ನು ಮುತ್ಯಾನೇ ಬರೆದುಕೊಡಬೇಕಾಯಿತು. ನಡುಗುವ ಕೈಯಲ್ಲಿ ಬಲದಿಂದ ಎಡಕ್ಕೆ 'ಕಲ್ ಆ' ಎಂದು ಬರೆದು, ಹಿಂದೆ ಸರಿದು ನೋಡಿ, ಧೋತರದ ಚುಂಗಿನಿಂದ ಒರೆಸಿದ. "ಬಹಮನಿ ಕಾಲದವರು ಇದ್ದರೂ ಇರಬಹುದು. ದೊಡ್ಡ ಮನೆತನದವರಿಗೆ ಹಾಗೆ ಏಕವಚನ ಸಲ್ಲದು" ಎಂದು ಹೊಸದಾಗಿ ಬರೆದ: 'ಕಲ್ ತಶರೀಫ್ ಲಾಯಿಯೇ.' ದಯವಿಟ್ಟು ನಾಳೆ ಚಿತ್ತೈಸಬೇಕು. ನಾಲ್ಕು ಲಿಪಿಗಳಿಂದ ತುಂಬಿದ ಆ ಬಾಗಿಲು ರೈಲು ನಿಲ್ದಾಣದ ಫಲಕದಂತೆ ಕಾಣುತ್ತಿತ್ತು.

ಬಾಗಿಲು ಭದ್ರವಾಯಿತು. ಆದರೆ ದೆವ್ವ ಬರುತ್ತದೆ ಎಂದರೆ ಎಲ್ಲಿಂದಲಾದರೂ ಬರಬೇಕಲ್ಲ. ಪುಣೆ ಒಂದು ನೂರು ಪುಟದ ನೋಟ್‌ಬುಕ್ ತೆಗೆದು ತನಿಖೆ ಆರಂಭಿಸಿಬಿಟ್ಟಳು.

ಬೀದರಿನಲ್ಲಿ ದೆವ್ವದ ವಿಳಾಸಗಳಿಗೆ ಬಡತನವಿಲ್ಲ. ಮೊದಲ ಅನುಮಾನ ಅಷ್ಟೂರಿನ ಗೋರಿಗಳ ಮೇಲೆ. ಅಲ್ಲಿ ಬಹಮನಿ ಸುಲ್ತಾನರು ಸಾಲಾಗಿ ಮಲಗಿದ್ದಾರೆ. ಅವರಲ್ಲಿ ಹುಮಾಯೂನ್ ಶಾ ಆಳಿದ್ದು 1458ರಿಂದ 1461ರವರೆಗೆ, ಮೂರೇ ವರ್ಷ. ಅಷ್ಟರಲ್ಲೇ 'ಜಾಲಿಮ್', ಅಂದರೆ ಕ್ರೂರಿ ಎಂಬ ಬಿರುದು ಸಂಪಾದಿಸಿದವನು. ಅವನ ಗೋರಿಯ ಗುಮ್ಮಟ ಅರ್ಧ ಕುಸಿದು, ಕೊಯ್ದಿಟ್ಟ ಕಲ್ಲಂಗಡಿಯಂತೆ ಬಾಯಿ ತೆರೆದು ನಿಂತಿದೆ. ಸಿಡಿಲು ಬಡಿದು ಹಾಗಾಯಿತು ಎಂದು ಜನ ಹೇಳುತ್ತಾರೆ. ಇದಕ್ಕಿಂತ ಒಳ್ಳೆಯ ಆರೋಪಿ ಯಾವ ತನಿಖೆಗೆ ಸಿಕ್ಕಾನು? ಮುಂಜಾನೆಯೇ ಬಾಡಿಗೆ ಸೈಕಲ್ ತುಳಿದು ಹೋದೆವು. ಆ ಸಂಜೆ ನೋಟ್‌ಬುಕ್ಕಿನಲ್ಲಿ ದಾಖಲಾದದ್ದು ಇಷ್ಟು: "ಹುಮಾಯೂನ್ ಶಾ: ಇಲ್ಲ. ಮೇಕೆ: 3. ಬೀಡಿ ಸೇದುವ ಮುದುಕ: 1."

ಎರಡನೆಯದು ಮಹಮೂದ್ ಗವಾನನ ಮದರಸಾ. 1472ರಲ್ಲಿ ಕಟ್ಟಿದ್ದು, 1696ರಲ್ಲಿ ಮದ್ದಿನ ಸ್ಫೋಟದಲ್ಲಿ ಒಂದು ಭಾಗವೇ ಹಾರಿಹೋಗಿ ಈಗ ಒಂದೇ ಮಿನಾರು ಉಳಿದಿದೆ. ಆದರೆ ಸುತ್ತಲೂ ಅಷ್ಟೊಂದು ಆಟೋಗಳು, ಕ್ರಿಕೆಟ್ ಆಡುವ ಹುಡುಗರು. ದೆವ್ವಕ್ಕೆ ನಿಲ್ಲಲೂ ಜಾಗವಿಲ್ಲವೆಂದು ಕೈಬಿಟ್ಟೆವು. ಮೂರನೆಯದು ಝರಣಿ ನರಸಿಂಹನ ಗುಹೆ. ಅಲ್ಲಿಗೆ ಆಯಿಯೇ ಕರೆದುಕೊಂಡು ಹೋದಳು, ತನಿಖೆಗಲ್ಲ, ಹರಕೆಗೆ. ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದುಕೊಂಡು ಸುರಂಗದೊಳಗೆ ನಡೆಯಬೇಕು, ತಲೆಯ ಮೇಲೆ ಬಾವಲಿಗಳ ಚೀತ್ಕಾರ. ವಿಚಿತ್ರವೆಂದರೆ ಅಲ್ಲಿ ಯಾರಿಗೂ ಭಯವಾಗಲಿಲ್ಲ. ಬೆಂಗಳೂರು ಕೂಡ "ನರಸಿಂಹ, ನರಸಿಂಹ" ಎನ್ನುತ್ತಾ ಈಜುವವನಂತೆ ಹೋದ. ಅದೇ ಬಾವಲಿ, ಅದೇ ಕತ್ತಲೆ. ಕೊನೆಯಲ್ಲಿ ದೇವರಿದ್ದಾನೆ ಎಂದು ಮೊದಲೇ ಹೇಳಿಟ್ಟಿದ್ದರೆ ಬಾವಲಿಯೂ ದೇವರ ಕಡೆಯದೇ ಆಗಿಬಿಡುತ್ತದೆ.

ಉಳಿದದ್ದು ಸುರಂಗ ಬಾವಿ. ಮುತ್ಯಾನ ಹೊಲದ ಆಚೆ, ಜಾಲಿಯ ನಡುವೆ, ನೆಲದಲ್ಲಿ ಒಂದು ಚೌಕದ ಬಾಯಿ ಇತ್ತು. ಇಣುಕಿದರೆ ಕೆಂಪು ಕಲ್ಲಿನ ಗೋಡೆ ಇಳಿದು ಇಳಿದು ಕಪ್ಪಾಗುತ್ತಿತ್ತು. ಅದು ಕರೇಜ್ ಎಂಬ ನೀರಿನ ವ್ಯವಸ್ಥೆಯ ತುಂಡು, ಬಹಮನಿಗಳು ಪರ್ಷಿಯಾದ ವಿದ್ಯೆಯಿಂದ ತೋಡಿಸಿದ್ದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ನೌಬಾದಿನ ಕರೇಜಿನ ಹೂಳು ತೆಗೆದಾಗ. ಬೀದರಿನ ಮೇಲ್ಪದರ ತೂತು ತೂತಾದ ಜಂಬಿಟ್ಟಿಗೆ ಕಲ್ಲು, ಕೆಳಗೆ ಗಟ್ಟಿ ಕರಿಗಲ್ಲು. ಮಳೆಯ ನೀರು ಕೆಂಪು ಕಲ್ಲಿನಲ್ಲಿ ಜಿನುಗಿ ಇಳಿದು ಕರಿಗಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನು ಇಳಿಜಾರು ಸುರಂಗದಲ್ಲಿ ಊರಿಗೆ ಹರಿಸಿದರು. ಗಾಳಿಯಾಡಲಿ, ಮಣ್ಣು ಎತ್ತಲು ಬರಲಿ ಎಂದು ದೂರ ದೂರಕ್ಕೆ ಮೇಲಿನಿಂದ ಬಾವಿಯಂಥ ಕಿಂಡಿಗಳನ್ನು ಕೊರೆದರು. ಆಗ ನಮಗೆ ಅದು ಕೇವಲ ತಳವಿಲ್ಲದ ಒಂದು ಬಾಯಿ.

ಮಧ್ಯಾಹ್ನ ಎರಡು ಗಂಟೆಗೆ, ಮನೆಯ ಗೊರಕೆಗಳೆಲ್ಲ ಒಂದು ಲಯಕ್ಕೆ ಬಂದ ಮೇಲೆ, ಮೂರು ಸೆಲ್ಲಿನ ಬ್ಯಾಟರಿ, ಎರಡು ನಿಂಬೆಹಣ್ಣು, ಒಂದು ಹಿಡಿ ವಿಭೂತಿ, ಶೇಂಗಾ ಹಿಂಡಿ ಹಚ್ಚಿ ಸುತ್ತಿದ ಆರು ರೊಟ್ಟಿ ಹಿಡಿದು ಹೊರಟೆವು. ಬಾಯಿಯ ಅಂಚಿಗೆ ಬೋರಲಾಗಿ ಮಲಗಿದೆವು. ಹೊಟ್ಟೆಯ ಕೆಳಗೆ ಕಲ್ಲು ತವೆಯಂತೆ ಸುಡುತ್ತಿತ್ತು. ಮುಖಕ್ಕೆ ಮಾತ್ರ ಕೆಳಗಿನಿಂದ ತಣ್ಣನೆಯ ಉಸಿರು ಬಡಿಯುತ್ತಿತ್ತು. ಒದ್ದೆ ಮಣ್ಣು ಮತ್ತು ಬಾವಲಿಯ ಹಿಕ್ಕೆಯ ವಾಸನೆ. ಒಳಗಿನ ತಂಪು ಗಾಳಿ ಭಾರವಾಗಿ ಸುರಂಗದ ಇಳಿಜಾರಿನಲ್ಲಿ ಹರಿದು ಕೆಳಗಿನ ಕಿಂಡಿಯಿಂದ ಹೊರಬೀಳುತ್ತದೆ ಎಂದು ಇಂದು ಯಾರಾದರೂ ವಿವರಿಸಿಯಾರು. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ನೆಲವೇ ತಣ್ಣಗೆ ಉಸಿರಾಡಿದರೆ ಹದಿನಾಲ್ಕು ವರ್ಷದವನಿಗೆ ವಿವರಣೆ ಬೇಕಾಗುವುದಿಲ್ಲ. ಪುಣೆ ಬರೆದುಕೊಂಡಳು: "ಉಸಿರು ಬಿಡುತ್ತದೆ: ಮಧ್ಯಾಹ್ನ 2.10. ರಾತ್ರಿಯ ಸ್ಥಿತಿ: ತಿಳಿಯದು, ಹೊರಗೆ ಬಿಡುವುದಿಲ್ಲ."

ನಾನು ಧೈರ್ಯ ಮಾಡಿ ಕೂಗಿದೆ. "ಯಾರದು?"

ನನ್ನ ಧ್ವನಿ ಇಳಿದುಹೋಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪಾತಾಳದಿಂದ, ಕೊಡದೊಳಗಿಂದ ಬಂದಂಥ ಧ್ವನಿ: "ಕೌನ್ ಹೈ ರೇ?"

ಬೆಂಗಳೂರಿಗೆ ಉರ್ದು ಬರುತ್ತಿರಲಿಲ್ಲ, ಆದ್ದರಿಂದ ಮೊದಲು ಓಡಿದವನು ಅವನೇ. ಅವನ ಹಿಂದೆ ಹೈದರಾಬಾದ್, ಅವನ ಹಿಂದೆ ರೊಟ್ಟಿಯ ಗಂಟು ಹಿಡಿದ ನಾನು. ಪುಣೆ ಮಾತ್ರ ಅಲುಗಲಿಲ್ಲ. ಕಿಂಡಿಗೆ ಬಾಯಿ ಇಟ್ಟು, ದೆವ್ವದ ಭಾಷೆ ತಿಳಿದುಬಿಟ್ಟ ಸಂತೋಷದಲ್ಲಿ, "ಕಲ್ ಆವೋ!" ಎಂದು ಮಂತ್ರ ಹೇಳಿಯೇ ಎದ್ದಳು. ಕೆಳಗೆ ಎಲ್ಲವೂ ಗಪ್ ಚಿಪ್.

ಸಂಜೆ ಮುತ್ಯಾ ಎಲೆ ಅಡಿಕೆ ಜಗಿಯುತ್ತಾ ತೀರ್ಪು ಕೊಟ್ಟ. ಉರ್ದು ಮಾತಾಡಿದ್ದರೆ ಅದು ದೆವ್ವವಲ್ಲ, ಜಿನ್ನು. ನಿಂಬೆಹಣ್ಣು ನಡೆಯುವುದಿಲ್ಲ.

ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಹೋದೆವು. ಮಂತ್ರ ಫಲಿಸಿದೆಯೋ ಇಲ್ಲವೋ ಪರೀಕ್ಷಿಸದೆ ಪುಣೆ ಬಿಡುವವಳಲ್ಲ. ನಾವು ಇನ್ನೂ ಬೋರಲು ಬಿದ್ದಿರಲಿಲ್ಲ, ಕಿಂಡಿಯಿಂದ ಧ್ವನಿ ಎದ್ದುಬಂತು: "ಆ ಗಯೇ ಹಮ್!" ಬಂದಿದ್ದೇವೆ ನಾವು! ಒಂದಲ್ಲ, ನಾಲ್ಕೈದು ಗಂಟಲು ಒಟ್ಟಿಗೆ. ನನ್ನ ಮೊಣಕಾಲಲ್ಲಿ ಮೂಳೆ ಇರಲಿಲ್ಲ. ಬಾಗಿಲ ಮೇಲೆ ನಾಳೆ ಬಾ ಎಂದು ಬರೆಯುವವರು ಆ ನಾಳೆ ಬಂದೇಬಿಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಅದೇ ಪಾತಾಳದಿಂದ ಇನ್ನೊಂದು ಧ್ವನಿ ಕೇಳಿತು. ಹೆಂಗಸಿನದು, ದೊಡ್ಡದು, ಬಹಳ ಪರಿಚಿತವಾದ ಲಯದ್ದು: "ಧೂಪ್ ಮೆ ಕಾಯ್ಕು ಮರ್ ರಾ ರೇ?" ಬಿಸಿಲಿನಲ್ಲಿ ಯಾಕೆ ಸಾಯುತ್ತಿದ್ದೀಯೋ ಎಂದು. ಹಿಂದೆಯೇ ಬೆನ್ನಿಗೆ ಬಿದ್ದ ಗುದ್ದಿನ ಸದ್ದು.

ಪುಣೆ ನೋಟ್‌ಬುಕ್ ಮುಚ್ಚಿದಳು. "ದೆವ್ವಕ್ಕೆ ಬೈಯುವ ತಾಯಿ ಇರುವುದಿಲ್ಲ" ಎಂದಳು.

ಜಾಲಿ ದಾಟಿ ಏರಿನ ಕಡೆಗೆ ನಡೆದರೆ ಇನ್ನೊಂದು ಕಿಂಡಿ. ಅದರ ಸುತ್ತ ನಮ್ಮಷ್ಟೇ ವಯಸ್ಸಿನ ಐದು ಹುಡುಗರು, ಕೊರಳಲ್ಲಿ ಹೊಸ ತಾಯತ, ಕೈಯಲ್ಲಿ ಕಂದೀಲು. ಕನ್ನಡದಲ್ಲಿ "ಯಾರದು" ಎಂದು ಕೂಗುವ ಭೂತದ ವಿಚಾರಣೆಗೆ ಬಂದಿದ್ದರು. ಹಿಂದಿನ ದಿನ ಅದು ನಾಳೆ ಬನ್ನಿ ಎಂದು ಖುದ್ದು ಆಹ್ವಾನ ಕೊಟ್ಟಿತ್ತಂತೆ. ಹೋಗದಿದ್ದರೆ ಮನೆಗೇ ಬಂದೀತು ಎಂದು ಬಂದಿದ್ದರು. ಎರಡೂ ಕಡೆಯವರು ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದೆವು, ಪಾದಗಳು ಮುಂದಕ್ಕೇ ಇವೆಯೇ ಎಂದೂ ನೋಡಿದ್ದುಂಟು. ಆಮೇಲೆ ರೊಟ್ಟಿ ಹಂಚಿಕೊಂಡೆವು. ಗುದ್ದು ತಿಂದವನು ಹಿಂಡಿಯ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಾ ಮುತ್ಯಾನ ಬಾಗಿಲ ಕಥೆ ಕೇಳಿ, 'ತಶರೀಫ್ ಲಾಯಿಯೇ' ಬಂದ ಕೂಡಲೇ ಕೆಳಗೆ ಬಿದ್ದು ನಕ್ಕ.

ಆ ಬಾಗಿಲು ಈಗ ಇಲ್ಲ, ಮನೆ ಪಾಲಾಯಿತು. ಕಿಂಡಿಗೆ ಯಾರೋ ಕಲ್ಲು ಮುಚ್ಚಿದ್ದಾರೆ. ಪುಣೆ ಲೆಕ್ಕಪರಿಶೋಧಕಿಯಾಗಿದ್ದಾಳೆ, ಆಶ್ಚರ್ಯವಿಲ್ಲ. ಗುದ್ದು ತಿಂದವನು ಹಳೆಯ ಊರಿನಲ್ಲಿ ದರ್ಜಿ. ಅವನ ಹೊಲಿಗೆಯ ಕೈ ಬಿಟ್ಟು ಇನ್ನೊಬ್ಬರ ಅಂಗಿ ನನಗೆ ಹಿಡಿಸುವುದಿಲ್ಲ. ಮಗಳ ನಿಶ್ಚಿತಾರ್ಥಕ್ಕೆಂದು ಒಂದೂವರೆ ತಿಂಗಳ ಮೊದಲೇ ಬಟ್ಟೆ ಕೊಟ್ಟಿದ್ದೆ. ನಿಶ್ಚಿತಾರ್ಥ ಮುಗಿದು ವಾರವಾಯಿತು. ನಿನ್ನೆಯೂ ಹೋದೆ. ಅವನು ಕೊರಳ ಟೇಪನ್ನು ಸರಿಪಡಿಸಿಕೊಂಡು, ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಬಹಮನಿ ಸುಲ್ತಾನನಿಗೆ ಸಲ್ಲುವ ಮರ್ಯಾದೆಯಿಂದ ಹೇಳಿದ:

"ಕಲ್ ತಶರೀಫ್ ಲಾಯಿಯೇ."

ಕೇಳಿಕೊಂಡು ಹಿಂತಿರುಗಿದೆ. ಇವತ್ತು ಮತ್ತೆ ಹೋಗಬೇಕು.