ಗಾಳಿಯ ಕಣ್ಣು, ಬೆಳಕಿನ ಕಿಂಡಿ

ಮನೆ ಕಟ್ಟಿಸುತ್ತಿದ್ದೇವೆ. ಎಂಜಿನಿಯರ್ ಕೊಟ್ಟ ನಕ್ಷೆಯ ತುಂಬ ಡಬ್ಲ್ಯೂ ಒಂದು, ಡಬ್ಲ್ಯೂ ಎರಡು. ಅದರ ಮೇಲೆ ಚಿಕ್ಕದಾಗಿ ವಿ. ಕಳೆದ ವಾರ ಅಡುಗೆಮನೆಯ ಗೋಡೆ ಏಳುತ್ತಿದ್ದಾಗ ಹಿರಿಯ ಗಾರೆ ಕೆಲಸದವರೊಬ್ಬರು ನಕ್ಷೆಯ ಕಡೆ ನೋಡದೆ ನನ್ನನ್ನೇ ಕೇಳಿದರು: "ಬೆಳಕಿಂಡಿ ಎಷ್ಟು ಎತ್ತರಕ್ಕೆ ಬಿಡಲಿ?"

ಆ ಮಾತು ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ! ಅಜ್ಜಿಯ ಅಡುಗೆಮನೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು ಇತ್ತು. ಅದಕ್ಕೂ ಬೆಳಕಿಂಡಿಯೆಂದೇ ಹೆಸರು. ಒಲೆಯ ಹೊಗೆ ಮೇಲೇಳುವಾಗ ಅಲ್ಲಿಂದ ಇಳಿದ ಬೆಳಕು ಕೋಲಿನಂತೆ ಕಾಣುತ್ತಿತ್ತು. ಕೈಹಿಡಿಗೆ ಸಿಗುತ್ತದೆಂದು ನಾನು ಎಷ್ಟೋ ಸಲ ಮುಷ್ಟಿ ಬಿಗಿದಿದ್ದೇನೆ. ಆ ಕೋಲು ಜರುಗುತ್ತ ಒರಳುಕಲ್ಲಿನ ಅಂಚು ಮುಟ್ಟಿದರೆ ಅನ್ನಕ್ಕೆ ಇಡುವ ಹೊತ್ತಾಯಿತೆಂದು ಲೆಕ್ಕ. ಅಜ್ಜಿಗೆ ಬೇರೆ ಗಡಿಯಾರ ಬೇಕಿರಲಿಲ್ಲ.

ಈಗ ನಾವೆಲ್ಲ ಹೇಳುವುದು ವಿಂಡೋ. ನಿಜ ಹೇಳುತ್ತೇನೆ, ಆ ಪದದ ಮೇಲೆ ನನಗೆ ಸಿಟ್ಟಿಲ್ಲ. ಅದರ ಜಾತಕ ತಿಳಿದ ಮೇಲೆ ಪ್ರೀತಿಯೇ ಹುಟ್ಟಿದೆ. ಅದು ಮೂಲತಃ ಇಂಗ್ಲಿಷಿನದ್ದೇ ಅಲ್ಲ. ಉತ್ತರ ಯುರೋಪಿನಿಂದ ಹಡಗೇರಿ ಬಂದು 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ವೈಕಿಂಗರ ನುಡಿಯಲ್ಲಿ 'ವಿಂಡ್‌ಔಗ' ಎಂಬ ಪದವಿತ್ತು. ವಿಂಡ್ ಎಂದರೆ ಗಾಳಿ, ಔಗ ಎಂದರೆ ಕಣ್ಣು. ಸೇರಿಸಿದರೆ ಗಾಳಿಯ ಕಣ್ಣು. ಆ ಜನರ ಮನೆಗಳ ಮಾಡಿನಲ್ಲಿ, ಗೋಡೆಯಲ್ಲಿ ಇದ್ದದ್ದು ಗಾಜಿಲ್ಲದ ಬರಿಯ ತೆರವು. ಹೊಗೆ ಹೊರಗೆ ಹೋಗಬೇಕು, ಗಾಳಿ ಬೆಳಕು ಒಳಗೆ ಬರಬೇಕು. ನನ್ನ ಅಜ್ಜಿಯ ಅಡುಗೆಮನೆಗೂ ಬೇಕಾಗಿದ್ದದ್ದು ಇಷ್ಟೇ ಅಲ್ಲವೇ?

ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಸ್ವಂತ ಪದವೂ ಇತ್ತು. ಅದರ ಅರ್ಥ 'ಕಣ್ಣಿನ ತೂತು'. ಅದರಲ್ಲಿ ತೂತು ಎಂಬ ಅರ್ಥ ಕೊಡುತ್ತಿದ್ದ 'ಥಿರೆಲ್' ಇಂದು ನಾಸ್ಟ್ರಿಲ್ ಎಂಬ ಪದದ ಬಾಲದಲ್ಲಿ ಉಳಿದಿದೆ: ಮೂಗಿನ ತೂತು. ಆಮೇಲೆ ಲ್ಯಾಟಿನ್ನಿನ 'ಫೆನೆಸ್ಟ್ರ' ಫ್ರೆಂಚಿನ ದಾರಿಯಲ್ಲಿ ಬಂದು 16ನೇ ಶತಮಾನದವರೆಗೂ ವಿಂಡೋ ಜೊತೆ ಸೆಣಸಿತು. ಜರ್ಮನ್ನರೂ ಸ್ವೀಡನ್ನಿನವರೂ ಇಂದಿಗೂ ಆ ಲ್ಯಾಟಿನ್ ಪದವನ್ನೇ ಆಡುತ್ತಾರೆ. ಇಂಗ್ಲಿಷಿನಲ್ಲಿ ಗೆದ್ದದ್ದು ಮಾತ್ರ ಹಡಗಿನಲ್ಲಿ ಬಂದವರ ಗಾಳಿಗಣ್ಣು.

ಇನ್ನು ನನ್ನನ್ನು ಒಂದು ರಾತ್ರಿಯಿಡೀ ಎಚ್ಚರವಾಗಿಟ್ಟ ಸಂಗತಿ. ಸಂಸ್ಕೃತದಲ್ಲಿ ಕಿಟಕಿಗೆ ಎರಡು ಹೆಸರು, ಎರಡೂ ನಮ್ಮ ಕಾವ್ಯಗಳಲ್ಲಿ ಬಳಕೆಯಾದವು. ಒಂದು ವಾತಾಯನ, ಗಾಳಿ ಬರುವ ದಾರಿ. ಇನ್ನೊಂದು ಗವಾಕ್ಷ, ಗೋವಿನ ಕಣ್ಣು. ವಿಂಡ್ ಮತ್ತು ವಾತ ಒಂದೇ ಬೇರಿನ ಚಿಗುರುಗಳು. ಔಗ ಮತ್ತು ಅಕ್ಷಿಯೂ ಹಾಗೆಯೇ. ಹಾಗಾದರೆ ವಿಂಡೋ ಪದದ ಮೊದಲರ್ಧ ನಮ್ಮ ವಾತಾಯನದಲ್ಲಿದೆ, ಉಳಿದರ್ಧ ಗವಾಕ್ಷದಲ್ಲಿದೆ! ನಕ್ಷೆಯ 'ವಿ', ಅಂದರೆ ವೆಂಟಿಲೇಟರ್, ಅದೂ ಲ್ಯಾಟಿನ್ನಿನ ಗಾಳಿಯಿಂದ ಬಂದದ್ದು, ಅದೇ ಬೇರಿನದು. ಪಟ್ಟದಕಲ್ಲಿಗೆ ಹೋದವರು ಕಾಶಿ ವಿಶ್ವನಾಥ ಗುಡಿಯ ಶಿಖರವನ್ನು ತಲೆಯೆತ್ತಿ ನೋಡಿ. ಕಲ್ಲಿನಲ್ಲಿ ಹೆಣೆದ ಬಲೆಯಂತೆ ಗವಾಕ್ಷಗಳೇ ಗವಾಕ್ಷಗಳು. ಯಾವುದೂ ತೆರೆದುಕೊಳ್ಳುವುದಿಲ್ಲ, ಆದರೂ ಅವು ಕಣ್ಣುಗಳು.

ತೆರವನ್ನು ಕಣ್ಣೆಂದು ಕಾಣುವುದು ಕನ್ನಡಕ್ಕೂ ಹೊಸದಲ್ಲ. ಜರಡಿಗೆ ಕಣ್ಣು, ಬಲೆಗೆ ಕಣ್ಣು, ತೆಂಗಿನಕಾಯಿಗೆ ಮೂರು ಕಣ್ಣು.

ಕಿಟಕಿ ಕನ್ನಡದ್ದಲ್ಲ, ಅದನ್ನು ಬಿಡಬೇಕು ಎಂದು ವಾದಿಸುವ ಗೆಳೆಯರು ನನಗಿದ್ದಾರೆ. ಹೌದು, ಅದು ಪ್ರಾಕೃತದ 'ಖಡಕ್ಕಿ'ಯ ಕಡೆಯದು, ಹಿಂದಿಯ ಖಿಡ್ಕಿಯ ಬಂಧು. ಆ ಖಡಕ್ಕಿಯ ಅರ್ಥ ಸಣ್ಣ ಬಾಗಿಲು. ಕೊಂಕಣಿಯ ಜನೆಲ್, ತಮಿಳಿನ ಜನ್ನಲ್ ಪೋರ್ಚುಗೀಸರಿಂದ ಬಂದವು. ಅದರ ಲ್ಯಾಟಿನ್ ಮೂಲದಲ್ಲೂ ಇರುವುದು ಸಣ್ಣ ಬಾಗಿಲೇ. ಕೆಲವರಿಗೆ ಅದು ಕಣ್ಣಾಗಿ ಕಂಡಿತು, ಕೆಲವರಿಗೆ ಪುಟ್ಟ ಬಾಗಿಲಾಗಿ. ಈ ಎರವಲಿನಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಇಂಗ್ಲಿಷ್ ತನ್ನ ಮನೆಯ ಕಿಟಕಿಯನ್ನೇ ಎರವಲು ತಂದು ಬದುಕಿದೆ.

ನನ್ನ ನೋವು ಬೇರೆ. ಎರವಲು ಪದ ಬಂದು ಕೂತರೆ ಕೂರಲಿ, ಇದ್ದವರನ್ನು ಎಬ್ಬಿಸಬಾರದು. ಕಿಟಕಿ ಬಂದಾಗ ಕಿಂಡಿ ಹೋಗಲಿಲ್ಲ. ಕಿಂಡಿಗೆ ಅದರದೇ ಕೆಲಸವಿತ್ತು: ಚಿಕ್ಕದು, ಇಣುಕುವಷ್ಟೇ ಜಾಗ. ಉಡುಪಿಯ ಕನಕನ ಕಿಂಡಿಯನ್ನು ಯಾರಾದರೂ ಕನಕನ ಕಿಟಕಿ ಎನ್ನುತ್ತಾರೆಯೇ? ಹೊರಗೆ ನಿಂತು ಹಾಡಿದ ಭಕ್ತನಿಗಾಗಿ ಗೋಡೆ ಬಿರಿಯಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ ಎಂಬ ಕಥೆಯ ಭಾರವನ್ನೆಲ್ಲ ಹೊತ್ತಿರುವುದು 'ಕಿಂಡಿ' ಎಂಬ ಪುಟ್ಟ ಮಾತು. ಹೊಯ್ಸಳರ ಗುಡಿಗಳ ಕಲ್ಲಿನ ಜಾಲರಿಗೆ ಜಾಲಂಧ್ರ ಎಂದು ಹೆಸರಿದೆ. ಕಿಂಡಿ, ಬೆಳಕಿಂಡಿ, ಗವಾಕ್ಷ, ಜಾಲಂಧ್ರ, ಕಿಟಕಿ ಎಲ್ಲವೂ ಒಂದೇ ವಿಂಡೋದೊಳಗೆ ಕರಗಿಹೋದರೆ ಗೋಡೆಯಲ್ಲಿ ತೆರವು ಉಳಿಯುತ್ತದೆ, ಅದನ್ನು ಏತಕ್ಕೆ ಬಿಟ್ಟರು ಎನ್ನುವುದು ಮರೆಯುತ್ತದೆ.

ಇಂಗ್ಲಿಷಿನವರು ಈಗ ಕಾಲದಲ್ಲೂ ವಿಂಡೋ ಕಾಣುತ್ತಾರೆ. ಹವಾಮಾನ ಅನುವು ಮಾಡಿಕೊಡುವ ಸ್ವಲ್ಪ ಹೊತ್ತಿಗೂ ಅದೇ ಹೆಸರು. ಪತ್ರಿಕೆಗಳು ಅದನ್ನು ಕನ್ನಡಕ್ಕೆ ತರಲು ಒದ್ದಾಡುವುದನ್ನು ನೋಡುವಾಗ ನನಗೆ ಮಲೆನಾಡಿನ 'ಹೊಳವು' ನೆನಪಾಗುತ್ತದೆ. ಜಡಿಮಳೆಯ ನಡುವೆ ಆಕಾಶ ಒಂದಿಷ್ಟು ಬಿಟ್ಟುಕೊಟ್ಟಾಗ, ಹೊಳವಾಯಿತು ಎಂದು ಓಡಿಹೋಗಿ ಸೌದೆ ತರುತ್ತಿದ್ದರು. ಎಷ್ಟು ಹೊಳೆಯುವ ಪದ! ಅದನ್ನು ಯಾಕೆ ಬಳಸುವುದಿಲ್ಲ ನಾವು?

ಗಾರೆಯವರಿಗೆ ಏಳಡಿ ಎತ್ತರಕ್ಕೆ ಬಿಡಿ ಎಂದೆ. ಅವರು ಸೂರ್ಯನ ಕಡೆ ನೋಡಿ, "ಪೂರ್ವದ ಗೋಡೆಗೆ ಇನ್ನೂ ಅರ್ಧ ಅಡಿ ಮೇಲಿರಲಿ, ಬೆಳಕು ಒಲೆಯ ಮೇಲೆ ಬೀಳುವುದಿಲ್ಲ, ನೆಲಕ್ಕೆ ಬೀಳುತ್ತದೆ" ಎಂದರು. ಹಾಗೆಯೇ ಮಾಡಿದ್ದಾರೆ. ಮಾಡು ಹಾಕಿಲ್ಲ, ಚೌಕಟ್ಟು ಕೂತಿಲ್ಲ. ನಿನ್ನೆ ಬೆಳಗ್ಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಗೋಡೆಯ ನೆರಳಿನ ನಡುವೆ, ಸಿಮೆಂಟಿನ ಪುಡಿ ಹರಡಿದ ನೆಲದ ಮೇಲೆ ಬೆಳಕಿನ ಚೌಕವೊಂದು ಬಿದ್ದಿತ್ತು. ಅವಳು ಕುಕ್ಕರುಗಾಲಿನಲ್ಲಿ ಕುಳಿತು ಅದರೊಳಗೆ ಅಂಗೈ ಇಟ್ಟಳು, "ಇದಕ್ಕೆ ಏನನ್ನುತ್ತಾರೆ?" ಎಂದು ಕೇಳಿದಳು. ಬೆಳಕಿಂಡಿ ಎಂದೆ.