ಕ್ಲೋನ್ - ಕ್ಲೋನ್ - ಪ್ರಿಂಟರ್ ಕೆಟ್ಟಿದೆ

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಪ್ರಿಂಟರ್ ಕೆಡುವುದು ಸುದ್ದಿಯೇ ಅಲ್ಲ. ಮಜಾ ಇರುವುದು ಆಮೇಲೆ.

ಮೊದಲೆಲ್ಲ ಐಟಿ ರೂಮಿನ ಹುಡುಗನನ್ನು "ಸ್ವಲ್ಪ ಬಂದು ನೋಡಪ್ಪ" ಅಂತ ಕರೆದರೆ ಸಾಕಿತ್ತು. ಬಂದು, ಒಳಗೆ ಸಿಕ್ಕಿಕೊಂಡ ಹಾಳೆ ಎಳೆದು, ಕಾಫಿ ಕುಡಿದು ಹೋಗುತ್ತಿದ್ದ. ಈಗ ಅವನು ಎದುರಿಗೇ ಕೂತಿದ್ದರೂ "ಟಿಕೆಟ್ ರೇಸ್ ಮಾಡಿ ಸಾರ್" ಅನ್ನುತ್ತಾನೆ, ಅಂದರೆ ಕಂಪ್ಯೂಟರ್‌ನಲ್ಲಿ ನಂಬರ್ ಸಮೇತ ದೂರು ದಾಖಲಿಸಿ ಅಂತ. ಟಿಕೆಟ್ ಇಲ್ಲ ಅಂದರೆ ಪ್ರಿಂಟರ್ ಕೆಟ್ಟೇ ಇಲ್ಲ.

ಸರಿ, ನೀವು ಟಿಕೆಟ್ ಹಾಕುತ್ತೀರಿ. ಪಕ್ಕದ ಸೀಟಿನವರೂ ಹಾಕುತ್ತಾರೆ, ಎಚ್‌ಆರ್ ಮೇಡಂ ಕೂಡ. ಮ್ಯಾನೇಜರ್ ಸಾಹೇಬರು ಮಾತ್ರ ಹೆಲ್ಪ್‌ಡೆಸ್ಕ್‌ಗೆ ಮೇಲ್ ಬರೆದು ಇಡೀ ಮಹಡಿಗೆ ಸಿಸಿ ಹಾಕುತ್ತಾರೆ. ಎಲ್ಲರೂ ರಿಪ್ಲೈ ಆಲ್ ಒತ್ತುತ್ತಾರೆ. ಸಬ್ಜೆಕ್ಟ್‌ನಲ್ಲಿ ಟಿಕೆಟ್ ನಂಬರ್ ಇಲ್ಲ, ಹಾಗಾಗಿ ಒಂದೊಂದು ಮೇಲೂ ಹೊಸ ಟಿಕೆಟ್. "ನಂಗೂ ಇದೇ ಪ್ರಾಬ್ಲಂ" ಒಂದು ಟಿಕೆಟ್. "ಥ್ಯಾಂಕ್ಸ್" ಇನ್ನೊಂದು. ರಜೆ ಹಾಕಿ ಊರಿಗೆ ಹೋದವರ ಆಟೋ ರಿಪ್ಲೈ ಕೂಡ ಟಿಕೆಟ್ಟೇ. ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಅದಕ್ಕೆ ಹೆಲ್ಪ್‌ಡೆಸ್ಕ್ "ನಿಮ್ಮ ದೂರು ತಲುಪಿದೆ" ಅನ್ನುತ್ತದೆ. ಆ ಕಡೆಯಿಂದ ಮತ್ತೆ "ನಾನು ಸೋಮವಾರ ಸಿಗುತ್ತೇನೆ". ಇಬ್ಬರೂ ಮನುಷ್ಯರಲ್ಲ, ಸುಸ್ತಾಗುವ ಮಾತೇ ಇಲ್ಲ. ರಕ್ತಬೀಜಾಸುರನಿಗಾದರೂ ಹುಟ್ಟಿಬರಲು ಮೊದಲು ಗಾಯ ಆಗಬೇಕಿತ್ತು.

ಇಷ್ಟು ಸಾಲದು ಅಂತ ನಕಲು ತೆಗೆಯಲೆಂದೇ ಬಟನ್ ಬೇರೆ. ಟಿಕೆಟ್ ನೋಡಿಕೊಳ್ಳುವ ಜಿರಾ ಸಾಫ್ಟ್‌ವೇರ್‌ನಲ್ಲಿ ಕ್ಲೋನ್ ಒತ್ತಿದರೆ ನಕಲಿನ ಹೆಸರಿನ ಮುಂದೆ 'ಕ್ಲೋನ್' ಅಂತ ತಾನಾಗಿಯೇ ಬರುತ್ತದೆ. ಕ್ಲೋನ್‌ನ ಕ್ಲೋನ್ ತೆಗೆದರೆ ಎರಡು ಸಲ. ನೆಟ್‌ವರ್ಕ್ ಟೀಮಿಗೊಂದು, ವೆಂಡರ್‌ಗೊಂದು ಅಂತ ಹೋಗ್ತಾ ಹೋಗ್ತಾ ಸಾಲು ಪೂರ್ತಿ ಕ್ಲೋನ್‌ಗಳೇ ತುಂಬಿ, 'ಪ್ರಿಂಟರ್' ಅನ್ನೋ ಪದ ಪರದೆಯ ಆಚೆಗೆ ಹೋಗಿರುತ್ತದೆ.

ಎಲ್ಲವನ್ನೂ ಒಂದು ಮಾಡುವ ಮರ್ಜ್ ಬಟನ್ ಇಲ್ಲವೇ? ಇದೆ. ಆದರೆ ಝೆನ್‌ಡೆಸ್ಕ್ ಅನ್ನೋ ಇನ್ನೊಂದು ಟಿಕೆಟ್ ಸಾಫ್ಟ್‌ವೇರ್‌ನಲ್ಲಿ ಒಮ್ಮೆ ಮರ್ಜ್ ಮಾಡಿದರೆ ಮತ್ತೆ ಬಿಡಿಸಲು ಆಗಲ್ಲ. ಜಾಣರು ಅದರ ತಂಟೆಗೆ ಹೋಗುವುದಿಲ್ಲ. ಹೋಗಿ ಲಾಭವಾದರೂ ಏನು? ಕ್ಲೋಸ್ ಆದ ಟಿಕೆಟ್ ಎಣಿಸಿ ಅಪ್ರೈಸಲ್ ಕೊಡುವ ಕಡೆ ಒಂದು ಪ್ರಿಂಟರ್‌ಗೆ ನಲವತ್ತು ಟಿಕೆಟ್ ಬಂದರೆ ಸುಗ್ಗಿಯೋ ಸುಗ್ಗಿ. ಎಲ್ಲದಕ್ಕೂ 'ಡೂಪ್ಲಿಕೇಟ್' ಅಂತ ಬರೆದು ಮುಚ್ಚಿ, ಎಸ್‌ಎಲ್‌ಎ (ಇಷ್ಟು ಹೊತ್ತಿನೊಳಗೆ ದೂರು ಮುಗಿಸ್ತೀವಿ ಅಂತ ಕೊಟ್ಟ ಮಾತಿನ ಲೆಕ್ಕ) ಹಚ್ಚಹಸಿರು. ಟೀಮ್ ಲೀಡ್‌ಗೆ ಚಪ್ಪಾಳೆ, ಉಳಿದವರಿಗೆ ಪಿಜ್ಜಾ.

ಬೀದಿದೀಪದ ದೂರಿನ ಆ್ಯಪ್‌ಗೂ ಈ ಲೆಕ್ಕ ಚೆನ್ನಾಗಿ ಒಗ್ಗುತ್ತದೆ. ಹತ್ತು ಮನೆಯವರು ದೂರು ಕೊಟ್ಟರು ಅಂತಿಟ್ಟುಕೊಳ್ಳಿ. ಒಂಬತ್ತು ಡೂಪ್ಲಿಕೇಟ್, ಅಂದರೆ ವಿಲೇವಾರಿ. ಹತ್ತನೆಯದು ಪರಿಶೀಲನೆಯಲ್ಲಿದೆ. ಶೇ. 90ರಷ್ಟು ಸಾಧನೆ! ರಾತ್ರಿ ಹೊರಗೆ ಬರುವಾಗ ಮೊಬೈಲ್ ಟಾರ್ಚ್ ಹಾಕಿಕೊಳ್ಳಿ.

ಆಫೀಸಿನ ಕಥೆ ಇನ್ನೂ ಮುಗಿದಿಲ್ಲ. ನಿಮ್ಮ ಟಿಕೆಟ್ ಪಕ್ಕದವರ ಟಿಕೆಟ್‌ನ ಡೂಪ್ಲಿಕೇಟ್ ಅಂತ ಮುಚ್ಚಿದ್ದಾರೆ. ಪಕ್ಕದವರದ್ದು ಎಚ್‌ಆರ್ ಮೇಡಂ ಟಿಕೆಟ್‌ನ ಡೂಪ್ಲಿಕೇಟ್. ಮೇಡಂದು ನಿಮ್ಮದರ ಡೂಪ್ಲಿಕೇಟ್. ಹಾಗಾದರೆ ಅಸಲು ಯಾವುದು ಅಂತ ಮುಚ್ಚಿದ ಟಿಕೆಟ್‌ಗೆ ಉತ್ತರ ಬರೆದಿರೋ, ಅದೇ ಇನ್ನೊಂದು ಟಿಕೆಟ್ ಆಗಿ ಸಾಲಿಗೆ ನಿಲ್ಲುತ್ತದೆ.

ಅಷ್ಟರಲ್ಲಿ ನಲವತ್ತೂ ಟಿಕೆಟ್‌ಗಳಿಂದ "ನಮ್ಮ ಸೇವೆ ಹೇಗಿತ್ತು?" ಅಂತ ಮೇಲ್ ಬಂದಿರುತ್ತದೆ. ಐಟಿ ಹುಡುಗ ಕುರ್ಚಿ ತಿರುಗಿಸಿ ಮೆಲ್ಲಗೆ ಹೇಳುತ್ತಾನೆ: "ಒಂದು ಸ್ಟಾರ್ ಮಾತ್ರ ಕೊಡ್ಬೇಡಿ ಸಾರ್, ಅದಕ್ಕೂ ಟಿಕೆಟ್ ಓಪನ್ ಆಗುತ್ತೆ."