ಆ ಕೇಬಲ್ ಕರಗುತ್ತದೆ ಅಂತ ಮಾರಿದವರಿಗೆ ಗೊತ್ತಿತ್ತು

ಮೊನ್ನೆ ಭಾನುವಾರ ನಮ್ಮ ಹಿಂದಿನ ಬೀದಿಯ ಹುಡುಗನೊಬ್ಬ ಮನೆಗೆ ಬಂದ. ಡಿಪ್ಲೊಮಾ ಎರಡನೇ ವರ್ಷ ಓದುತ್ತಿದ್ದಾನೆ. ಯಾರೋ ಮೂಲೆಗೆ ಹಾಕಿದ್ದ ಮೈನಿಂಗ್ ಸೆಟ್, ಅಂದರೆ ಲೆಕ್ಕ ಮಾಡಿಸಿ ಕ್ರಿಪ್ಟೊ ನಾಣ್ಯ ಗಳಿಸುವ ಕಂಪ್ಯೂಟರ್, ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ ತಗೊಂಡಿದ್ದಾನೆ. ಆರು ಗ್ರಾಫಿಕ್ಸ್ ಕಾರ್ಡಿನ ಸೆಟ್. "ಅಣ್ಣಾ, ಆರಲ್ಲಿ ಐದೇ ತೋರಿಸ್ತಿದೆ. ಒಂದು ಸಲ ಬಂದು ನೋಡ್ತೀರಾ?" ಅಂದ.

ಹೋದೆ. ಫ್ರೇಮಿನ ಹಿಂದೆ ಬಗ್ಗಿ ನೋಡಿದೆ. ನೋಡಿದ ಕೂಡಲೇ ಮೈಯೆಲ್ಲಾ ಉರಿಯಿತು. ಅದೇ ಕೇಬಲ್. ಒಂದು ತುದಿಯಲ್ಲಿ ಹಾರ್ಡ್‌ಡಿಸ್ಕಿಗೆ ಹಾಕುವ ಸಾಟಾ ಕನೆಕ್ಟರ್, ಇನ್ನೊಂದು ತುದಿಯಲ್ಲಿ ಆರು ಪಿನ್. ನಮ್ಮ ಮನೆಯಲ್ಲಿ 2022ರಲ್ಲಿ ಹೊತ್ತಿಕೊಂಡ ಅದೇ ಗೇಣುದ್ದದ ಕೇಬಲ್. ಆವತ್ತಿಂದ ನುಂಗಿಕೊಂಡಿದ್ದನ್ನು ಇವತ್ತು ಬರೆದೇ ಬಿಡುತ್ತೇನೆ.

ಮೊದಲು ಆ ಕೇಬಲ್ ಏನು ಅಂತ ಹೇಳುತ್ತೇನೆ. ಒಂದು ಮದರ್‌ಬೋರ್ಡ್ ಮೇಲೆ ಆರು ದಪ್ಪ ಕಾರ್ಡ್ ಕೂರುವುದಿಲ್ಲ. ಅದಕ್ಕೆ ರೈಸರ್ ಅಂತ ಸಣ್ಣ ಬೋರ್ಡ್ ಹಾಕುತ್ತಾರೆ. ಕಾರ್ಡ್ ರೈಸರ್ ಮೇಲೆ ಕೂರುತ್ತದೆ. ರೈಸರ್‌ನಿಂದ ಮದರ್‌ಬೋರ್ಡಿಗೆ ಒಂದು ಯುಎಸ್‌ಬಿ ತರಹದ ನೀಲಿ ಕೇಬಲ್ ಹೋಗುತ್ತದೆ. ಆ ನೀಲಿ ಕೇಬಲ್‌ನಲ್ಲಿ ಸಿಗ್ನಲ್ ಮಾತ್ರ ಹೋಗುತ್ತದೆ. ಮದರ್‌ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಸ್ಲಾಟಿನಿಂದ ಕಾರ್ಡಿಗೆ ಸಿಗಬೇಕಾದ ಕರೆಂಟನ್ನು ಎಸ್‌ಎಂಪಿಎಸ್‌ನಿಂದ, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯಿಂದ, ಬೇರೆಯಾಗಿ ರೈಸರ್‌ಗೆ ಕೊಡಬೇಕು. ಅದಕ್ಕೇ ಅಂತ ಡಬ್ಬಿಯಲ್ಲಿ ಈ ಕೇಬಲ್ ಇಟ್ಟಿರುತ್ತಾರೆ. ಡಬ್ಬಿಯಲ್ಲೇ ಇದೆ ಅಂದಮೇಲೆ ಸರಿಯಾಗೇ ಇರುತ್ತದೆ ಅಂತ ಯಾರಾದರೂ ನಂಬುತ್ತಾರೆ. ನಾನೂ ನಂಬಿದೆ.

ಈಗ ಲೆಕ್ಕ ನೋಡಿ. ಸಾಟಾ ಪವರ್ ಕನೆಕ್ಟರ್ ಇರುವುದು ಹಾರ್ಡ್‌ಡಿಸ್ಕಿಗೆ. ಅದರಲ್ಲಿ 12 ವೋಲ್ಟಿಗೆ ಮೂರೇ ಮೂರು ಸಣ್ಣ ಪಿನ್. ಒಂದೊಂದರ ತಾಕತ್ತು ಒಂದೂವರೆ ಆಂಪ್. ಮೂರೂ ಸೇರಿದರೆ ನಾಲ್ಕೂವರೆ ಆಂಪ್, ಅಂದರೆ 54 ವಾಟ್. ಆದರೆ ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನಿಂದ 12 ವೋಲ್ಟಿನಲ್ಲಿ 66 ವಾಟ್ ತನಕ ಎಳೆಯಬಹುದು. ಅದು ನಿಯಮದಲ್ಲೇ ಇದೆ. 54ರ ದಾರಿಯಲ್ಲಿ 66 ಕಳಿಸಿದರೆ ಏನಾಗುತ್ತದೆ ಅಂತ ಹೇಳಲು ಇಂಜಿನಿಯರ್ ಬೇಕಾ? ಅದೂ ಗೇಮ್ ಆಡುವವರ ಹಾಗೆ ಎರಡು ಗಂಟೆ ಅಲ್ಲ. ಮೈನಿಂಗ್ ಅಂದರೆ ದಿನದ 24 ಗಂಟೆ, ತಿಂಗಳುಗಟ್ಟಲೆ.

ಎಲ್ಲಾ ಕಾರ್ಡೂ ಅಷ್ಟು ಎಳೆಯುವುದಿಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ನಿಜ. ಆದರೆ 2016ರಲ್ಲಿ ಎಎಂಡಿ ಕಂಪನಿಯ ಆರ್‌ಎಕ್ಸ್ 480 ಕಾರ್ಡ್ ಬಂದಾಗ ಅದು ಸ್ಲಾಟಿನಿಂದ ಮಿತಿಗಿಂತ ಜಾಸ್ತಿ ಎಳೆಯುತ್ತಿದೆ ಅಂತ ಗಲಾಟೆಯಾಗಿ, ಎಎಂಡಿ ಡ್ರೈವರ್ ಬದಲಿಸಿ ಸರಿಮಾಡಬೇಕಾಯಿತು. ಅದೇ ಜಾತಿಯ 570, 580 ಕಾರ್ಡುಗಳನ್ನೇ ನಮ್ಮಂಥವರೆಲ್ಲ ತಗೊಂಡಿದ್ದು. ಅಂದರೆ ಈ ವಿಷಯ ಗೊತ್ತಿಲ್ಲ ಅನ್ನಲು ಮಾರುವವರಿಗೆ ಯಾವ ನೆಪವೂ ಇರಲಿಲ್ಲ.

ನಮ್ಮ ಕಥೆಗೆ ಬರುತ್ತೇನೆ. 2021ರ ಆಗಸ್ಟ್‌ನಲ್ಲಿ ಸೆಟ್ ತಂದೆ. ಆರ್‌ಎಕ್ಸ್ 580, 8 ಜಿಬಿಯ ಆರು ಕಾರ್ಡ್. ಅಮ್ಮ ಚೀಟಿ ಎತ್ತಿ ಕೊಟ್ಟ ದುಡ್ಡು ಅದರಲ್ಲಿ ಇತ್ತು. ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಅವರೇ ಜೋಡಿಸಿ ಕೊಟ್ಟರು. ಜೋಡಿಸುವ ಕೂಲಿ ಅಂತ ಬೇರೆ ದುಡ್ಡು ತಗೊಂಡರು. ದಾವಣಗೆರೆಗೆ ತಂದು ಹಿಂದಿನ ಕೋಣೆಯಲ್ಲಿ ಇಟ್ಟೆ. ವೋಲ್ಟೇಜ್ ಇಳಿಸಿ, ಮೆಮೊರಿ ಸೆಟ್ ಮಾಡಿ, ಒಂದೊಂದು ಕಾರ್ಡಿನಿಂದ 30 ಮೆಗಾಹ್ಯಾಶ್ (ಮೈನಿಂಗ್ ವೇಗದ ಅಳತೆ) ಹತ್ತಿರ ಬರುವ ಹಾಗೆ ಮಾಡಿಕೊಂಡೆ. ಇಡೀ ಸೆಟ್ಟಿಗೆ 800 ವಾಟ್. ದಿನಕ್ಕೆ 19 ಯೂನಿಟ್. ಕರೆಂಟ್ ಬಿಲ್ ನೋಡಿ ಅಪ್ಪ ಮುಖ ಗಂಟು ಹಾಕಿಕೊಳ್ಳುತ್ತಿದ್ದರು, ಆದರೂ ಏನೂ ಅನ್ನಲಿಲ್ಲ.

ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಶುರುವಾಯಿತು ಕಾಟ. ರಾತ್ರಿ ಮಲಗುವಾಗ ಆರು ಕಾರ್ಡ್, ಬೆಳಗ್ಗೆ ನೋಡಿದರೆ ಐದು. ರೀಸ್ಟಾರ್ಟ್ ಮಾಡಿದರೆ ಮತ್ತೆ ಆರು. ಎರಡು ಗಂಟೆಗೆ ಮತ್ತೆ ಐದು. ಒಂದು ದಿನ ಮೂರನೇ ಕಾರ್ಡ್ ಮಾಯ, ಇನ್ನೊಂದು ದಿನ ಐದನೇದು.

ನಾನು ಮಾಡದ ಕೆಲಸ ಇಲ್ಲ. ನೀಲಿ ಕೇಬಲ್ ಬದಲಿಸಿದೆ. ಬಯೋಸ್‌ನಲ್ಲಿ ಜಾಸ್ತಿ ಕಾರ್ಡಿಗೆ ಬೇಕಾದ ಅಬೋವ್ 4ಜಿ ಡಿಕೋಡಿಂಗ್ ಸೆಟ್ಟಿಂಗ್ ಆನ್ ಇದೆಯಾ ಅಂತ ಹತ್ತು ಸಲ ನೋಡಿದೆ. ಸ್ಲಾಟಿನ ವೇಗವನ್ನು ಜೆನ್ 1ಕ್ಕೆ ಇಳಿಸಿದೆ. ಡ್ರೈವರ್ ಪೂರ್ತಿ ತೆಗೆದು ಮತ್ತೆ ಹಾಕಿದೆ. ವಿಂಡೋಸ್ ಡಿಫೆಂಡರ್ ಮೈನರ್ ಫೈಲನ್ನು ವೈರಸ್ ಅಂತ ಅಳಿಸಿಹಾಕುತ್ತಿತ್ತು, ಅದನ್ನು ತಡೆದೆ. ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಪೇಜ್ ಫೈಲ್ ದೊಡ್ಡದು ಮಾಡಿದೆ. ಕೊನೆಗೆ ವಿಂಡೋಸನ್ನೇ ಬಿಟ್ಟು ಲಿನಕ್ಸ್‌ನ ಮೈನಿಂಗ್ ಓಎಸ್ ಹಾಕಿದೆ. ಓವರ್‌ಕ್ಲಾಕ್ ಪೂರ್ತಿ ತೆಗೆದು ನೋಡಿದೆ. ಎಷ್ಟೋ ರಾತ್ರಿ ಎರಡು ಗಂಟೆಗೆ ಅಲಾರಾಂ ಇಟ್ಟುಕೊಂಡು ಎದ್ದಿದ್ದೇನೆ. ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗಬೇಕು.

ಅಂಗಡಿಯವರಿಗೆ ಫೋನ್ ಮಾಡಿದೆ. "ಸಾರ್, ನಿಮ್ಮೂರಲ್ಲಿ ಕರೆಂಟ್ ಸರಿ ಇರಲ್ಲ. ಸ್ಟೆಬಿಲೈಜರ್ ಹಾಕ್ಸಿ" ಅಂದರು. ಹಾಕಿಸಿದೆ. ಏನೂ ಬದಲಾಗಲಿಲ್ಲ. ಮತ್ತೆ ಫೋನ್ ಮಾಡಿದರೆ "ನೀವು ಸೆಟ್ಟಿಂಗ್ ಏನೋ ಕೆಡಿಸಿದ್ದೀರಾ" ಅಂದರು. ಮೈನಿಂಗ್ ಬಗ್ಗೆ ವಿಡಿಯೊ ಮಾಡುವ ಒಬ್ಬರಿಗೆ ಮೆಸೇಜ್ ಹಾಕಿದೆ. ಆನ್‌ಲೈನಲ್ಲಿ ನೋಡಿಕೊಡುತ್ತೇನೆ, ಗಂಟೆಗೆ ಇಷ್ಟು ಅಂದರು. ಕೊಟ್ಟೆ. ಅವರು ನನ್ನ ಸ್ಕ್ರೀನ್ ನೋಡಿಕೊಂಡು ಅದೇ ಪೇಜ್ ಫೈಲ್, ಅದೇ ಡ್ರೈವರ್ ಅಂದರು. ಇಷ್ಟು ಜನರಲ್ಲಿ ಒಬ್ಬರಾದರೂ "ರೈಸರ್‌ಗೆ ಕರೆಂಟ್ ಎಲ್ಲಿಂದ ಕೊಟ್ಟಿದ್ದೀಯಪ್ಪಾ?" ಅಂತ ಕೇಳಲಿಲ್ಲ. ಆ ಒಂದೇ ಪ್ರಶ್ನೆ ಸಾಕಿತ್ತು.

ಆಗುತ್ತಿದ್ದದ್ದು ಇಷ್ಟೇ. ಪಿನ್ ಬಿಸಿಯಾಗುತ್ತದೆ. ಬಿಸಿಯಾದ ಪಿನ್ ಸಡಿಲವಾಗುತ್ತದೆ. ಸಡಿಲವಾದರೆ ಇನ್ನೂ ಬಿಸಿಯಾಗುತ್ತದೆ. ವೋಲ್ಟೇಜ್ ಬೀಳುತ್ತದೆ, ಕಾರ್ಡ್ ಮಾಯವಾಗುತ್ತದೆ. ರೀಸ್ಟಾರ್ಟ್ ಮಾಡುವಷ್ಟರಲ್ಲಿ ತಣ್ಣಗಾಗಿ ಮತ್ತೆ ಬರುತ್ತದೆ. ಮೂರು ತಿಂಗಳು ಆ ಸೆಟ್ ನನಗೆ ಸುಡುತ್ತಿದ್ದೇನೆ ಅಂತಲೇ ಹೇಳುತ್ತಿತ್ತು. ನಾನು ಸಾಫ್ಟ್‌ವೇರಿನಲ್ಲಿ ಹುಡುಕುತ್ತಿದ್ದೆ, ಯಾಕೆಂದರೆ ಎಲ್ಲರೂ ಅಲ್ಲೇ ಹುಡುಕು ಅಂದಿದ್ದರು. ಅಂಗಡಿಯವರು ಮೂರು ಮೂರು ರೈಸರ್‌ಗಳನ್ನು ಎಸ್‌ಎಂಪಿಎಸ್‌ನ ಒಂದೇ ಎಳೆಗೆ ಸಿಕ್ಕಿಸಿದ್ದರು. ಕೂಲಿ ತಗೊಂಡು ಮಾಡಿದ ಕೆಲಸ ಅದು.

2022ರ ಮಾರ್ಚ್. ನಮ್ಮೂರ ಬೇಸಿಗೆ ಗೊತ್ತಲ್ಲ, ರಾತ್ರಿಯೂ ಗೋಡೆ ಬಿಸಿ ಇರುತ್ತದೆ. ಬೆಳಗಿನ ಜಾವ ನಾಲ್ಕು ಗಂಟೆ ಇರಬೇಕು. ಅಮ್ಮ ಭುಜ ಹಿಡಿದು ಅಲುಗಾಡಿಸಿದರು. "ಏಳೋ, ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ." ಹಿಂದಿನ ಕೋಣೆ ಬಾಗಿಲು ತೆಗೆದರೆ ಹೊಗೆ. ಫ್ರೇಮಿನ ಕೆಳಗೆ ಬೆರಳುದ್ದದ ಉರಿ. ನಾನು ಓಡಿಹೋಗಿ ಮೇನ್ ಆಫ್ ಮಾಡಿದೆ. ಅಮ್ಮ ಅಷ್ಟರಲ್ಲಿ ನೀರಿನ ಬಿಂದಿಗೆ ಎತ್ತಿಕೊಂಡಿದ್ದರು, ಬೇಡ ಅಂತ ಕೂಗಿದೆ. ಉರಿ ತಾನಾಗೇ ಆರಿತು. ಆ ಕೋಣೆಯ ಗೋಡೆ ಆಚೆಗೆ ನಮ್ಮ ಅಡುಗೆಮನೆ. ಗ್ಯಾಸ್ ಸಿಲಿಂಡರ್ ಇರುವುದು ಅಲ್ಲೇ.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಬೆಳಗ್ಗೆ ಅಪ್ಪ ಕೇಳಿದರು. ಬೀಳುವುದಿಲ್ಲ. 800 ವಾಟ್ ಅಂದರೆ ಮನೆ ಲೈನಿನಲ್ಲಿ ಮೂರೂವರೆ ಆಂಪ್ ಅಷ್ಟೇ. 16 ಆಂಪಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಎಸ್‌ಎಂಪಿಎಸ್ ಕೂಡ ಆಫ್ ಆಗುವುದಿಲ್ಲ. 1200 ವಾಟಿನ ಎಸ್‌ಎಂಪಿಎಸ್ 12 ವೋಲ್ಟಿನಲ್ಲಿ 100 ಆಂಪ್ ಕೊಡಲು ತಯಾರಿರುತ್ತದೆ. ಸಣ್ಣ ಪಿನ್ನಿನಲ್ಲಿ ಮಿತಿಗಿಂತ ಜಾಸ್ತಿ ಹೋಗುತ್ತಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅಂದರೆ ಈ ಕೇಬಲ್ಲಿಗೂ ನಮ್ಮ ಮನೆಗೂ ನಡುವೆ ಕಾವಲೇ ಇರಲಿಲ್ಲ. ಅಮ್ಮನಿಗೆ ಎಚ್ಚರವಾಗದೇ ಹೋಗಿದ್ದರೆ? ಆ ಯೋಚನೆ ಬಂದಾಗಲೆಲ್ಲ ಈಗಲೂ ಕೈ ನಡುಗುತ್ತದೆ.

ಒಂದು ಕಾರ್ಡ್ ಹೋಯಿತು. ಎರಡು ರೈಸರ್ ಹೋದವು. ಕರಗಿ ಕಪ್ಪಾದ ಕನೆಕ್ಟರಿನ ಫೋಟೊ ತೆಗೆದು ಅಂಗಡಿಯವರಿಗೆ ಕಳಿಸಿದೆ. ಉತ್ತರ ಏನು ಗೊತ್ತಾ? "ಕೇಬಲ್‌ಗೆ ವಾರಂಟಿ ಇಲ್ಲ. ನೀವು ಓವರ್‌ಲೋಡ್ ಮಾಡಿದ್ದೀರಾ." ನಾನೇ ಬಸ್ ಹತ್ತಿ ಹೋದೆ. ಕೌಂಟರಿನಲ್ಲಿದ್ದ ಹುಡುಗ ಕನೆಕ್ಟರ್ ಕೈಗೆ ತಗೊಂಡು ತಿರುಗಿಸಿ ನೋಡಿದ. "ಹೂಂ ಸಾರ್, ಇದು ಕರಗುತ್ತೆ. ಜಾಸ್ತಿ ಜನ ತಂದಿದ್ದಾರೆ" ಅಂದ. ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಜಾಸ್ತಿ ಜನ ತಂದಿದ್ದಾರೆ! ಹಾಗಾದರೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟರು. ಗೊತ್ತಿದ್ದೂ ನನಗೆ ಸ್ಟೆಬಿಲೈಜರ್ ಹಾಕಿಸು ಅಂದರು. ಸರಿಯಾದ ಕೇಬಲ್ ಹಾಕಿದ್ದರೆ ಇಡೀ ಸೆಟ್ಟಿಗೆ ಒಂದೆರಡು ಸಾವಿರ ಜಾಸ್ತಿ ಆಗುತ್ತಿತ್ತೇನೋ. ಕೇಳಿದ್ದರೆ ಕೊಡುತ್ತಿರಲಿಲ್ಲವಾ ನಾನು?

ಅದೇ ಮಾರ್ಚ್‌ನಲ್ಲೇ ಫೆಬ್ರವರಿ ಬಜೆಟ್ಟಿನಲ್ಲಿ ಬಂದಿದ್ದ ಕ್ರಿಪ್ಟೊ ತೆರಿಗೆಯೂ ಪಾಸಾಯಿತು. ಏಪ್ರಿಲ್ 1ರಿಂದ ಲಾಭದ ಮೇಲೆ ನೂರಕ್ಕೆ 30. ಮೈನಿಂಗಿಗೆ ಹಾಕಿದ ಯಂತ್ರದ ಖರ್ಚನ್ನು ಕೊಂಡ ಬೆಲೆ ಅಂತ ಕಳೆಯುವಂತಿಲ್ಲ ಅಂತ ಹಣಕಾಸು ರಾಜ್ಯ ಸಚಿವರು ಲೋಕಸಭೆಗೆ ಹೇಳಿದರು. ಸುಟ್ಟ ಕಾರ್ಡಿನ ದುಡ್ಡು ಎಲ್ಲೂ ಲೆಕ್ಕಕ್ಕೆ ಬರಲಿಲ್ಲ. ಅದನ್ನು ಬಿಡಿ, ಅದು ಬೇರೆ ಸಂಕಟ.

2022ರ ಸೆಪ್ಟೆಂಬರ್ 15ಕ್ಕೆ ನಮ್ಮಂಥವರು ಗಳಿಸುತ್ತಿದ್ದ ಎಥೀರಿಯಂ ನಾಣ್ಯದ ಮೈನಿಂಗೇ ನಿಂತುಹೋಯಿತು. ಅವತ್ತಿನಿಂದ ಮನೆಮನೆಯ ಸೆಟ್ಟುಗಳು ಮಾರಾಟಕ್ಕೆ ಬಂದವು. ಕಾರ್ಡು ಬಿಚ್ಚಿ ಮಾರಿದವರು ಕೆಲವರು. ಉಳಿದವರು ಫ್ರೇಮು, ರೈಸರ್, ಕೇಬಲ್ ಸಮೇತ ಮಾರಿದರು. ಒಂದೂವರೆ ವರ್ಷ ಬೆಂದು ಅರ್ಧ ಸತ್ತ ಆ ಕೇಬಲ್‌ಗಳೇ ಈಗ ಕೈಯಿಂದ ಕೈಗೆ ಹೋಗುತ್ತಿವೆ. ಕೊನೆಗೆ ಬಂದು ಸೇರುವುದು ಇಂಥ ಹುಡುಗರ ಮನೆಗೆ, ಮಂಚದ ಪಕ್ಕಕ್ಕೆ. ಹೊಸ ರೈಸರ್ ತಗೊಂಡರೂ ಡಬ್ಬಿಯಲ್ಲಿ ಈಗಲೂ ಅದೇ ಕೇಬಲ್ ಬರುತ್ತಿದೆ. ನನ್ನ ಸಿಟ್ಟು ಅದಕ್ಕೇ. ಮೈನಿಂಗಿನಲ್ಲಿ ದುಡ್ಡು ಹೋದರೆ ಹೋಗಲಿ, ಬೆಲೆ ಏರುತ್ತೆ ಇಳಿಯುತ್ತೆ ಅಂತ ಗೊತ್ತಿದ್ದೇ ಇಳಿದಿದ್ದು. ಮನೆ ಸುಡಲು ನಾನು ಒಪ್ಪಿರಲಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಸೆಟ್ ಇದ್ದರೆ ಇವತ್ತೇ ಆಫ್ ಮಾಡಿ ನೋಡಿ. ಆಫ್ ಮಾಡಿದ ಕೂಡಲೇ ಕನೆಕ್ಟರನ್ನು ಬೆರಳಿಂದ ಮುಟ್ಟಿ. ಬಿಸಿ ಹತ್ತಿದರೆ ಕೆಡುವುದು ಆಗಲೇ ಶುರುವಾಗಿದೆ. ಬಿಳಿ ಅಥವಾ ಕಪ್ಪು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ಆರು ಪಿನ್ನಿನ ರೈಸರ್‌ಗೆ ಎಸ್‌ಎಂಪಿಎಸ್‌ನ ಗ್ರಾಫಿಕ್ಸ್ ಕಾರ್ಡ್ ಕೇಬಲನ್ನೇ ನೇರವಾಗಿ ಹಾಕಿ, ನಡುವೆ ಈ ಸಾಟಾ ಕನ್ವರ್ಟರ್ ಕೇಬಲ್ ಬೇಡ. ಒಂದು ಕೇಬಲ್ಲಿಗೆ ಎರಡು ರೈಸರ್‌ಗಿಂತ ಜಾಸ್ತಿ ಬೇಡ. ಎರಡು ಎಸ್‌ಎಂಪಿಎಸ್ ಇದ್ದರೆ ಒಂದು ಕಾರ್ಡಿಗೂ ಅದರ ರೈಸರ್‌ಗೂ ಒಂದೇ ಎಸ್‌ಎಂಪಿಎಸ್‌ನಿಂದ ಕೊಡಿ. ಇನ್ನೊಂದು ಮಾತು, ಒಂದು ಕಂಪನಿಯ ಎಸ್‌ಎಂಪಿಎಸ್ ಕೇಬಲನ್ನು ಇನ್ನೊಂದಕ್ಕೆ ಸಿಕ್ಕಿಸಬೇಡಿ. ಕೂತಿತು ಅಂದಮಾತ್ರಕ್ಕೆ ಒಳಗಿನ ಪಿನ್ನುಗಳು ಒಂದೇ ಅಲ್ಲ. ಅದರಲ್ಲಿ ಕಾರ್ಡ್ ಕಳೆದುಕೊಂಡವರನ್ನೂ ನೋಡಿದ್ದೇನೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಲು ಎಷ್ಟು ಖರ್ಚಾಗುತ್ತಿತ್ತು?

ಭಾನುವಾರ ಆ ಹುಡುಗನ ಸೆಟ್ಟಿನಿಂದ ಆರು ಕನ್ವರ್ಟರ್ ಕಿತ್ತೆ. ಮೂರರ ಒಳಗೆ ಪಿನ್ ಸುತ್ತ ಆಗಲೇ ಕಂದು ಬಣ್ಣ ಇತ್ತು. ಇನ್ಯಾರೂ ಎತ್ತಿ ಬಳಸದಿರಲಿ ಅಂತ ಅಲ್ಲೇ ಕಟಿಂಗ್ ಪ್ಲೇಯರ್‌ನಲ್ಲಿ ಆರನ್ನೂ ತುಂಡು ಮಾಡಿದೆ. ಸರಿಯಾದ ಕೇಬಲ್ ಆರ್ಡರ್ ಹಾಕಿದ್ದೇವೆ, ಗುರುವಾರ ಬರುತ್ತದೆ. ಅಲ್ಲಿಯವರೆಗೆ ಆನ್ ಮಾಡಬೇಡ ಅಂತ ಅವನಿಗೆ ಹೇಳಿದ್ದೇನೆ. ಹುಡುಗು ಬುದ್ಧಿ, ಕೈ ತಡೆಯಲ್ಲ. ಅದಕ್ಕೇ ಸೆಟ್ಟಿನ ಮೇನ್ ವೈರ್ ಬಿಚ್ಚಿ ಅವರಮ್ಮನ ಕೈಗೆ ಕೊಟ್ಟು ಬಂದಿದ್ದೇನೆ.